ಧ್ಯಾನದಿಂದ ಮೆದುಳು ಬೆಳೆಯುತ್ತದೆಯೇ? ಹತ್ತನೇ ತರಗತಿಯ ಒಂದು ಪ್ರಶ್ನೆಯಿಂದ ನಾನು ಕಲಿತದ್ದು

ಅಭ್ಯಾಸ ಬೋಧನೆಯ ಎರಡನೇ ವಾರ. ಹತ್ತನೇ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕದಲ್ಲಿ ಮಾನವನ ಮೆದುಳಿನ ಭಾಗ ನನ್ನ ಪಾಲಿಗೆ ಬಂದಿತ್ತು. ಅವಧಿ ಬಿಸಿಯೂಟದ ನಂತರದ್ದು. ಮಕ್ಕಳು ಮೈದಾನದಿಂದ ಬೆವರು ಒರೆಸಿಕೊಳ್ಳುತ್ತಲೇ ಬಂದು ಕೂರುತ್ತಿದ್ದರು. ಪೀಠಿಕೆಗೆ ಚಾರ್ಟ್ ತೋರಿಸುವ ಬದಲು ಎರಡು ನಿಮಿಷ ಧ್ಯಾನ ಮಾಡಿಸಿ, ಅಲ್ಲಿಂದ ಮೆದುಳಿನ ವಿಷಯಕ್ಕೆ ಬರೋಣವೆಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದೆ. ಮೂರನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ಮುಚ್ಚಲಿಲ್ಲ. ಅವಳಿಗೆ ಎರಡು ಸಲ ಹೇಳಿದೆ, ಎರಡನೇ ಸಲ ಸ್ವಲ್ಪ ಗಡುಸಾಗಿಯೇ.

ಎರಡು ನಿಮಿಷ ಮುಗಿದ ಮೇಲೆ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದೆ: “ಎಂಟು ವಾರ ಧ್ಯಾನ ಮಾಡಿದರೆ ಮೆದುಳು ಬೆಳೆಯುತ್ತದೆ. ಇದು ವೈಜ್ಞಾನಿಕವಾಗಿ ಸಾಬೀತಾಗಿದೆ.” ಈ ವಾಕ್ಯವನ್ನು ನಾನು ಮೊಬೈಲ್‌ನಲ್ಲಿ ಎಷ್ಟೋ ಸಲ ಓದಿದ್ದೆ. ಅನುಮಾನ ಪಡುವಂಥದ್ದು ಅದರಲ್ಲಿ ಏನೂ ಕಂಡಿರಲಿಲ್ಲ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಮಿಸ್, ಧ್ಯಾನ ಮಾಡದೇ ಇದ್ದವರ ಮೆದುಳನ್ನೂ ಅಳೆದಿದ್ರಾ?”

ನನಗೆ ಗೊತ್ತಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಪಾಠ ಮುಂದುವರಿಸಿದೆ. ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕರು ಟಿಪ್ಪಣಿಯಲ್ಲಿ “ಈ ಪಾಠದ ಅತ್ಯುತ್ತಮ ಪ್ರಶ್ನೆ ವಿದ್ಯಾರ್ಥಿಯದು, ಉತ್ತರ ಬಾಕಿ ಇದೆ” ಎಂದು ಬರೆದಿದ್ದರು. ಆ ಬಾಕಿ ತೀರಿಸಲು ಓದಿದ್ದನ್ನು, ಅದರಿಂದ ಪಾಠದಲ್ಲಿ ಮಾಡಿಕೊಂಡ ಬದಲಾವಣೆಯನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಧ್ಯಾನ ಮಾಡುವಾಗ ಮೆದುಳು ಮಾಡುವ ಕೆಲಸ

ಧ್ಯಾನ ಎಂಬ ಒಂದೇ ಪದದ ಕೆಳಗೆ ಹಲವು ಅಭ್ಯಾಸಗಳಿವೆ. ಮಂತ್ರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು, ಉಸಿರನ್ನು ಗಮನಿಸುವುದು, ಇತರರಿಗೆ ಒಳಿತನ್ನು ಹಾರೈಸುವುದು, ಬರುವ ಯೋಚನೆಗಳನ್ನು ಸುಮ್ಮನೆ ನೋಡುತ್ತಿರುವುದು, ಇವೆಲ್ಲವೂ ಧ್ಯಾನವೇ. ಮೆದುಳಿನ ದೃಷ್ಟಿಯಿಂದ ಇವು ಒಂದೇ ಕೆಲಸವಲ್ಲ. ಆದ್ದರಿಂದ “ಧ್ಯಾನದಿಂದ ಹೀಗಾಗುತ್ತದೆ” ಎಂದು ಹೇಳುವ ಮೊದಲು ಯಾವ ಧ್ಯಾನ ಎಂದು ಕೇಳಬೇಕು. ಇಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಪಟ್ಟಿರುವ, ತರಗತಿಗೂ ಸುಲಭವಾದ ಉಸಿರಿನ ಗಮನಿಕೆಯನ್ನೇ ತೆಗೆದುಕೊಳ್ಳುತ್ತೇನೆ.

ಉಸಿರಿನ ಮೇಲೆ ಗಮನ ಇಟ್ಟು ಕೂತ ಯಾರಿಗಾದರೂ ಮೊದಲು ಆಗುವ ಅನುಭವವೆಂದರೆ ಗಮನ ಅಲ್ಲಿ ನಿಲ್ಲದಿರುವುದು. 2012ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿದರು. ಧ್ಯಾನದ ಅಭ್ಯಾಸವಿದ್ದ 14 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಉಸಿರನ್ನು ಗಮನಿಸಲು ಹೇಳಿದರು. ಮನಸ್ಸು ಬೇರೆಡೆ ಹೋಗಿದೆ ಎಂದು ಅರಿವಾದ ಕ್ಷಣ ಒಂದು ಗುಂಡಿ ಒತ್ತಿ, ಮತ್ತೆ ಉಸಿರಿಗೆ ಮರಳಬೇಕು. ಗುಂಡಿ ಒತ್ತಿದ ಕ್ಷಣದ ಹಿಂದೆ ಮುಂದೆ ಮೆದುಳಿನ ಯಾವ ಭಾಗ ಚುರುಕಾಗಿತ್ತು ಎಂದು ನೋಡಿದಾಗ ನಾಲ್ಕು ಹಂತಗಳು ಕಂಡವು.

ಮೊದಲನೆಯದು ಮನಸ್ಸಿನ ಅಲೆದಾಟ. ಆಗ ಚುರುಕಾಗುವುದು ‘ಡಿಫಾಲ್ಟ್ ಮೋಡ್ ನೆಟ್‌ವರ್ಕ್’ ಎಂಬ ಭಾಗಗಳ ಜಾಲ. ಈ ಹೆಸರನ್ನು ಬಳಕೆಗೆ ತಂದವರು ಮಾರ್ಕಸ್ ರೈಕ್ಲ್ ಮತ್ತು ಅವರ ತಂಡ, 2001ರಲ್ಲಿ. ನಿರ್ದಿಷ್ಟ ಕೆಲಸವಿಲ್ಲದಾಗ, ನಾವು ಹಿಂದಿನದನ್ನು ಮೆಲುಕು ಹಾಕುವಾಗ, ನಾಳೆಯ ಬಗ್ಗೆ ಯೋಚಿಸುವಾಗ ಈ ಜಾಲ ಕೆಲಸ ಮಾಡುತ್ತಿರುತ್ತದೆ. ಎರಡನೆಯದು ಅರಿವಾಗುವುದು. “ಅರೆ, ನಾನು ಎಲ್ಲೋ ಹೋಗಿದ್ದೆ” ಎಂದು ಹೊಳೆಯುವ ಆ ಕ್ಷಣದಲ್ಲಿ ಇನ್ಸುಲಾ ಮುಂತಾದ ಭಾಗಗಳು ಚುರುಕಾಗುತ್ತವೆ. ಮೂರನೆಯದು ಗಮನವನ್ನು ತಿರುಗಿಸಿ ತರುವುದು, ನಾಲ್ಕನೆಯದು ಅದನ್ನು ಅಲ್ಲಿ ಹಿಡಿದಿಡುವುದು. ಈ ಎರಡರಲ್ಲೂ ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ಪಾತ್ರವಿದೆ. ಸ್ವಲ್ಪ ಹೊತ್ತಿಗೆ ಮನಸ್ಸು ಮತ್ತೆ ಅಲೆಯುತ್ತದೆ, ಚಕ್ರ ಮತ್ತೆ ಮೊದಲಾಗುತ್ತದೆ.

ನಾನು ಇದುವರೆಗೆ ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂದುಕೊಂಡಿದ್ದೆ, ಮಕ್ಕಳಿಗೂ “ಏನೂ ಯೋಚನೆ ಮಾಡಬೇಡಿ” ಎಂದೇ ಹೇಳಿದ್ದೆ. ಈ ಅಧ್ಯಯನ ಹೇಳುವುದು ಬೇರೆ. ಮನಸ್ಸು ಹೋಗುವುದು ಸೋಲಲ್ಲ. ಹೋಗಿದ್ದನ್ನು ಗುರುತಿಸಿ ಮರಳಿ ತರುವುದೇ ಅಭ್ಯಾಸ. ಬಾವಿಯಿಂದ ನೀರು ಸೇದುವವರ ತೋಳು ಗಟ್ಟಿಯಾಗುವುದು ಕೊಡ ಮೇಲೆ ಬಂದು ನಿಂತಾಗ ಅಲ್ಲ, ಹಗ್ಗ ಎಳೆಯುವಾಗ.

ಮನಸ್ಸು ಅಲೆಯುವುದು ಮಕ್ಕಳ ದೋಷವೂ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡ್ಯಾನಿಯಲ್ ಗಿಲ್ಬರ್ಟ್ 2250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನ್ ಮೂಲಕ “ಈಗ ನಿಮ್ಮ ಮನಸ್ಸು ಮಾಡುತ್ತಿರುವ ಕೆಲಸದಲ್ಲಿದೆಯೇ?” ಎಂದು ಕೇಳಿದರು. ಸುಮಾರು ಶೇಕಡಾ 47ರಷ್ಟು ಸಲ “ಇಲ್ಲ” ಎಂಬ ಉತ್ತರ ಬಂತು. ದೊಡ್ಡವರ ಪಾಡೇ ಹೀಗಿರುವಾಗ ಬಿಸಿಯೂಟದ ನಂತರದ ಅವಧಿಯ ಮಕ್ಕಳನ್ನು ದೂರುವುದು ಹೇಗೆ?

ಅಳೆದವರು ಯಾರು, ಅಳೆದದ್ದು ಹೇಗೆ?

ಧ್ಯಾನ ಮಾಡುವವರ ಮೆದುಳನ್ನು ಅಳೆಯುವ ಕೆಲಸ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ನಡೆದಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್, ಜಿ.ಎಸ್. ಛೀನಾ ಮತ್ತು ಬಲದೇವ್ ಸಿಂಗ್ ಅವರು 1961ರಲ್ಲಿ ಯೋಗಿಗಳ ಇಇಜಿ ಅಧ್ಯಯನವನ್ನು ಪ್ರಕಟಿಸಿದರು. ಎಚ್ಚರವಾಗಿ, ಆದರೆ ವಿಶ್ರಾಂತವಾಗಿ ಇರುವಾಗ ಮೆದುಳಿನಲ್ಲಿ ಕಾಣುವ ಆಲ್ಫಾ ಅಲೆಗಳು ಯೋಗಿಗಳಲ್ಲಿ ಧ್ಯಾನದ ಹೊತ್ತಿಗೆ ಚೆನ್ನಾಗಿ ಕಂಡವು. ಸಾಮಾನ್ಯವಾಗಿ ಗಟ್ಟಿ ಸದ್ದು ಅಥವಾ ಬೆಳಕಿನಿಂದ ಈ ಅಲೆಗಳು ಮುರಿಯುತ್ತವೆ. ಧ್ಯಾನದಲ್ಲಿದ್ದ ಯೋಗಿಗಳಲ್ಲಿ ಮುರಿಯಲಿಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 12 ಆರೋಗ್ಯವಂತರಿಂದ ‘ಓಂ’ಕಾರ ಹೇಳಿಸಿ, ಆಗಿನ ಮೆದುಳಿನ ಚಟುವಟಿಕೆಯನ್ನು ಎಂಆರ್‌ಐ ಮೂಲಕ ನೋಡಿದರು. ಹೋಲಿಕೆಗಾಗಿ ಅದೇ ಜನರಿಂದ ‘ಸ್‌ಸ್‌ಸ್’ ಎಂಬ ಸದ್ದನ್ನೂ ಮಾಡಿಸಿದರು. ಓಂಕಾರದ ಹೊತ್ತಿಗೆ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಮುಂತಾದ ಭಾಗಗಳ ಚಟುವಟಿಕೆ ತಗ್ಗಿತ್ತು, ‘ಸ್‌ಸ್‌ಸ್’ ಹೇಳುವಾಗ ಹಾಗೆ ಕಾಣಲಿಲ್ಲ. ಇಲ್ಲಿ ನನ್ನ ಗಮನ ಸೆಳೆದದ್ದು ಆ ‘ಸ್‌ಸ್‌ಸ್’. ಉಸಿರು ಬಿಡುತ್ತಾ ಸದ್ದು ಮಾಡುವುದರಿಂದಲೇ ಹೀಗಾಯಿತೋ ಅಥವಾ ಓಂಕಾರದಿಂದ ಆಯಿತೋ ಎಂದು ಬೇರ್ಪಡಿಸಲು ಅದನ್ನು ಸೇರಿಸಿದ್ದಾರೆ. ನನ್ನ ವಿದ್ಯಾರ್ಥಿ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ.

ಇವೆಲ್ಲ ಮೆದುಳಿನ ಚಟುವಟಿಕೆಯ ಅಧ್ಯಯನಗಳು. ಮೆದುಳಿನ ರಚನೆಯೇ ಬದಲಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2005ರಲ್ಲಿ ಸಾರಾ ಲಾಜಾರ್ ಮತ್ತು ಸಂಗಡಿಗರು ಹಲವು ವರ್ಷಗಳ ಅಭ್ಯಾಸವಿದ್ದ 20 ಧ್ಯಾನಿಗಳನ್ನು ಧ್ಯಾನ ಮಾಡದ 15 ಜನರೊಂದಿಗೆ ಹೋಲಿಸಿದರು. ಗಮನಕ್ಕೆ ಮತ್ತು ದೇಹದ ಅರಿವಿಗೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಧ್ಯಾನಿಗಳ ಕಾರ್ಟೆಕ್ಸ್ ದಪ್ಪವಾಗಿತ್ತು. ಆದರೆ ಧ್ಯಾನದಿಂದ ದಪ್ಪವಾಯಿತೋ, ಅಂಥ ಮೆದುಳಿದ್ದವರೇ ಧ್ಯಾನದತ್ತ ಒಲಿದರೋ ಎಂಬುದು ಒಮ್ಮೆ ಮಾತ್ರ ಅಳೆದರೆ ತಿಳಿಯುವುದಿಲ್ಲ. ಬಾಸ್ಕೆಟ್‌ಬಾಲ್ ಆಟಗಾರರು ಎತ್ತರವಿದ್ದಾರೆಂದು ಆ ಆಟ ಆಡಿದರೆ ಎತ್ತರವಾಗುತ್ತೇವೆ ಎನ್ನಲಾಗದು.

ಆದ್ದರಿಂದ ಮುಂದಿನ ಹೆಜ್ಜೆ ಮೊದಲು ಅಳೆದು, ಧ್ಯಾನ ಕಲಿಸಿ, ಮತ್ತೆ ಅಳೆಯುವುದು. 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಒತ್ತಡ ನಿವಾರಣೆಗೆಂದು ಎಂಟು ವಾರಗಳ ಧ್ಯಾನ ತರಬೇತಿಯೊಂದನ್ನು ರೂಪಿಸಿದ್ದರು. 2011ರಲ್ಲಿ ಬ್ರಿಟ್ಟಾ ಹೋಲ್ಜೆಲ್ ಮತ್ತು ಸಂಗಡಿಗರು ಈ ತರಬೇತಿ ಪಡೆದ 16 ಜನರ ಮೆದುಳನ್ನು ಮೊದಲು ಮತ್ತು ನಂತರ ಅಳೆದು, ಕಲಿಕೆ ಮತ್ತು ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಸೇರಿದಂತೆ ಕೆಲವು ಭಾಗಗಳಲ್ಲಿ ಬೂದು ದ್ರವ್ಯ ಹೆಚ್ಚಿದೆ ಎಂದು ವರದಿ ಮಾಡಿದರು. ನಾನು ಕಪ್ಪುಹಲಗೆಯ ಮೇಲೆ ಬರೆದ ವಾಕ್ಯದ ಮೂಲ ಇದೇ. ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲಿದೆ: ಹೌದು, ತರಬೇತಿ ಪಡೆಯದ 17 ಜನರನ್ನೂ ಅಳೆದಿದ್ದರು. ಆದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿರಲಿಲ್ಲ, ಜನರ ಸಂಖ್ಯೆಯೂ ಚಿಕ್ಕದು.

2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಇದೇ ಎಂಟು ವಾರಗಳ ತರಬೇತಿಯನ್ನು ಹೆಚ್ಚು ಬಿಗಿಯಾಗಿ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿತು. ಎರಡು ಪ್ರಯೋಗಗಳನ್ನು ಸೇರಿಸಿ 200ಕ್ಕೂ ಹೆಚ್ಚು ಜನರನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಧ್ಯಾನ, ಇನ್ನೊಂದಕ್ಕೆ ವ್ಯಾಯಾಮ, ಆಹಾರ, ಸಂಗೀತ ಮುಂತಾದವುಗಳ ಆರೋಗ್ಯ ತರಬೇತಿ, ಮೂರನೆಯದಕ್ಕೆ ಏನೂ ಇಲ್ಲ. ಧ್ಯಾನದ ಗುಂಪಿನ ಮೆದುಳಿನ ರಚನೆಯಲ್ಲಿ ಉಳಿದವರಿಗಿಂತ ವಿಶೇಷ ಬದಲಾವಣೆ ಕಂಡುಬರಲಿಲ್ಲ. ಈ ತಂಡದಲ್ಲಿದ್ದ ರಿಚರ್ಡ್ ಡೇವಿಡ್‌ಸನ್ ದಶಕಗಳಿಂದ ಧ್ಯಾನಿಗಳ ಮೆದುಳನ್ನು ಅಧ್ಯಯನ ಮಾಡಿ ಹೆಸರಾದವರು. ತಮ್ಮ ಕ್ಷೇತ್ರದ ಜನಪ್ರಿಯ ನಂಬಿಕೆಗೆ ವಿರುದ್ಧವಾದ ಫಲಿತಾಂಶವನ್ನು ಅವರ ತಂಡವೇ ಮುಂದಿಟ್ಟಿತು. ವೈಜ್ಞಾನಿಕ ಮನೋಭಾವ ಎಂಬ ಕಲಿಕಾ ಫಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದರೆ ಧ್ಯಾನದಿಂದ ಮೆದುಳಿನಲ್ಲಿ ಏನೂ ಆಗುವುದಿಲ್ಲವೇ? ಹಾಗೆ ಹೇಳುವುದೂ ತಪ್ಪು. ಏನನ್ನೇ ಕಲಿತರೂ ನರಕೋಶಗಳ ನಡುವಿನ ಸಂಪರ್ಕಗಳಲ್ಲಿ ಬದಲಾವಣೆ ಆಗುತ್ತದೆ. ಕಲಿಕೆ ಎಂದರೆ ಅದೇ. ಎಲ್ಲ ಬದಲಾವಣೆಯೂ ಎಂಆರ್‌ಐ ಚಿತ್ರದಲ್ಲಿ ಗಾತ್ರವಾಗಿ ಕಾಣಬೇಕೆಂದಿಲ್ಲ. ಹೇಳಬಹುದಾದದ್ದು ಇಷ್ಟು: ಧ್ಯಾನದ ಹೊತ್ತಿಗೆ ಮೆದುಳಿನ ಚಟುವಟಿಕೆ ಬದಲಾಗುತ್ತದೆ. ಎಂಟು ವಾರಗಳಲ್ಲಿ ಮೆದುಳು ಬೆಳೆಯುತ್ತದೆ ಎಂಬ ಮಾತಿಗೆ ಬಲವಾದ ಆಧಾರ ಇಲ್ಲ.

ಮಾನಸಿಕ ಸಾಮರ್ಥ್ಯಗಳ ಮೇಲೆ ಪರಿಣಾಮ

ಶಿಕ್ಷಕರಾದ ನಮಗೆ ಮೆದುಳಿನ ಗಾತ್ರಕ್ಕಿಂತ ಮುಖ್ಯವಾದದ್ದು ಮಗುವಿನ ಗಮನ, ನೆನಪು, ನೆಮ್ಮದಿ. ಈ ಬಗ್ಗೆ ಮೂರು ಅಧ್ಯಯನಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯದು.

ಮೊದಲನೆಯದು ಆಶಾದಾಯಕ. 2013ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಮ್ರಾಜೆಕ್ ಮತ್ತು ಸಂಗಡಿಗರು 48 ಕಾಲೇಜು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಎರಡು ವಾರ ಗಮನದ ಧ್ಯಾನ, ಇನ್ನೊಂದಕ್ಕೆ ಪೌಷ್ಟಿಕಾಂಶದ ಪಾಠ. ಧ್ಯಾನದ ಗುಂಪಿನಲ್ಲಿ ಜಿಆರ್‌ಇ ಪರೀಕ್ಷೆಯ ಓದಿ ಅರ್ಥಮಾಡಿಕೊಳ್ಳುವ ಭಾಗದ ಅಂಕ ಮತ್ತು ಕಾರ್ಯನಿರತ ಸ್ಮರಣೆ ಸುಧಾರಿಸಿದವು, ಮನಸ್ಸಿನ ಅಲೆದಾಟ ತಗ್ಗಿತು. ಮೊದಲೇ ಹೆಚ್ಚು ಅಲೆಯುತ್ತಿದ್ದವರಿಗೆ ಇದರ ಲಾಭ ಹೆಚ್ಚಾಗಿ ದೊರೆಯಿತು.

ಎರಡನೆಯದು ಸಮತೋಲನದ್ದು. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 3515 ಜನ ಭಾಗವಹಿಸಿದ್ದ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಆತಂಕ, ಖಿನ್ನತೆ ಮತ್ತು ನೋವು ಒಂದಿಷ್ಟು ತಗ್ಗುತ್ತವೆ ಎಂಬುದಕ್ಕೆ ಮಧ್ಯಮ ಮಟ್ಟದ ಆಧಾರ ದೊರೆಯಿತು. ಗಮನ ಶಕ್ತಿ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ವ್ಯಾಯಾಮ ಅಥವಾ ಇತರ ಚಿಕಿತ್ಸೆಗಿಂತ ಧ್ಯಾನ ಮೇಲು ಎನ್ನಲೂ ಆಧಾರ ಇರಲಿಲ್ಲ.

ಮೂರನೆಯದು ನೇರವಾಗಿ ಶಾಲೆಗಳದ್ದು. ಬ್ರಿಟನ್ನಿನ 85 ಶಾಲೆಗಳಲ್ಲಿ, 11ರಿಂದ 14 ವಯಸ್ಸಿನ 8000ಕ್ಕೂ ಹೆಚ್ಚು ಮಕ್ಕಳ ನಡುವೆ ನಡೆದ ‘ಮಿರಿಯಡ್’ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರು ಇಡೀ ತರಗತಿಗೆ ಧ್ಯಾನ ಕಲಿಸಿದರು, ಉಳಿದವುಗಳಲ್ಲಿ ಎಂದಿನ ಸಾಮಾಜಿಕ-ಭಾವನಾತ್ಮಕ ಕಲಿಕೆ ಮುಂದುವರಿಯಿತು. ಒಂದು ವರ್ಷದ ನಂತರ ನೋಡಿದಾಗ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಧ್ಯಾನದ ಶಾಲೆಗಳು ಮುಂದೆ ಇರಲಿಲ್ಲ. ಕಲಿಸಿದ ಅಭ್ಯಾಸವನ್ನು ಬಹಳ ಮಕ್ಕಳು ತರಗತಿಯ ಹೊರಗೆ ಹೆಚ್ಚು ಮಾಡಲೂ ಇಲ್ಲ.

ಮೂರನ್ನೂ ಜೋಡಿಸಿದಾಗ ನನಗೆ ಅರ್ಥವಾದದ್ದು ಇದು. ಕಲಿಯಲು ಮನಸ್ಸಿರುವ ವಯಸ್ಕರಿಗೆ ಧ್ಯಾನ ನೆರವಾಗಬಹುದು. ಅದನ್ನೇ ಎಲ್ಲ ಮಕ್ಕಳಿಗೂ ಏಕರೂಪವಾಗಿ ಕಡ್ಡಾಯ ಮಾಡಿದರೆ ಅದೇ ಫಲ ಬರುತ್ತದೆ ಎನ್ನಲಾಗದು.

ಮತ್ತೆ ತರಗತಿಗೆ

ಮೊದಲ ಪಾಠ ಮುಗಿದ ದಿನ, ಬೆಲ್ ಹೊಡೆದ ಮೇಲೆ, ಕಣ್ಣು ಮುಚ್ಚದ ಆ ಹುಡುಗಿ ಮೇಜಿನ ಬಳಿ ಬಂದು “ಕಣ್ಣು ಮುಚ್ಚಿದ್ರೆ ಭಯ ಆಗುತ್ತೆ ಮಿಸ್” ಎಂದಿದ್ದಳು. ಬೇರೇನೂ ಹೇಳಲಿಲ್ಲ. ನಾನೂ ಕೆದಕಲಿಲ್ಲ, ಕ್ಷಮೆ ಕೇಳಿದೆ. ನಮ್ಮ ಮಾರ್ಗದರ್ಶಕರಿಗೆ ಮತ್ತು ಅವಳ ತರಗತಿ ಶಿಕ್ಷಕಿಗೆ ವಿಷಯ ತಿಳಿಸಿದೆ. ಸುಮ್ಮನೆ ಕೂತಾಗ ಕೆಲವು ಮಕ್ಕಳಿಗೆ ನೆಮ್ಮದಿಯ ಬದಲು ಹೆದರಿಕೆ ಮೇಲೆ ಬರಬಹುದು ಎಂಬುದು ನನ್ನ ಪಾಠಯೋಜನೆಯಲ್ಲಿ ಎಲ್ಲೂ ಇರಲಿಲ್ಲ.

ಮೆದುಳಿನ ಬಗ್ಗೆ ಎರಡನೇ ಪಾಠವನ್ನು ಹೀಗೆ ಮಾಡಿದೆ. ಮೊದಲು ಹಿಂದಿನ ವಾಕ್ಯವನ್ನು ಮತ್ತೆ ಬರೆದು, ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, “ನಿನ್ನೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲ” ಎಂದೆ. ನಂತರ ಮೂರು ಚಟುವಟಿಕೆಗಳು ನಡೆದವು.

1. ಗೆರೆ ಎಳೆಯುವ ಆಟ. ಮೂರು ನಿಮಿಷ ಉಸಿರನ್ನು ಗಮನಿಸುವುದು. ಕಣ್ಣು ಮುಚ್ಚಬೇಕೆಂದಿಲ್ಲ, ನೋಟ್‌ಬುಕ್‌ನ ಒಂದು ಚುಕ್ಕಿಯನ್ನು ನೋಡುತ್ತಿರಬಹುದು. ಮನಸ್ಸು ಎಲ್ಲೋ ಹೋಗಿದೆ ಎಂದು ಗೊತ್ತಾದಾಗಲೆಲ್ಲ ಒಂದು ಗೆರೆ ಎಳೆದು ಮತ್ತೆ ಉಸಿರಿಗೆ ಬರಬೇಕು. ಬೇಡವೆನಿಸಿದವರು ಸುಮ್ಮನೆ ಚಿತ್ರ ಬಿಡಿಸಬಹುದು. ಕೊನೆಯಲ್ಲಿ ಒಬ್ಬಾಕೆ ಪುಟದ ತುಂಬ ಗೆರೆಗಳಿದ್ದ ನೋಟ್‌ಬುಕ್ಕನ್ನು ಕೈಯಿಂದ ಮುಚ್ಚಿಕೊಂಡಳು. “ಪ್ರತಿ ಗೆರೆಯೂ ನೀನು ಮನಸ್ಸನ್ನು ಹಿಡಿದು ತಂದ ಒಂದು ಸಲ” ಎಂದಾಗ ಕೈ ತೆಗೆದಳು.

2. ನಾಡಿ ಮತ್ತು ಉಸಿರು. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ, ಒಳಗೆಳೆದಾಗ ನಾಡಿ ತುಸು ಚುರುಕಾಗುವುದನ್ನು, ಬಿಟ್ಟಾಗ ತುಸು ನಿಧಾನವಾಗುವುದನ್ನು ಹಲವರು ಗುರುತಿಸಬಹುದು. ಹಿಮ್ಮೆದುಳಿನ ಮೆಡುಲ್ಲಾ, ಅಲ್ಲಿಂದ ಹೃದಯಕ್ಕೆ ಹೋಗುವ ವೇಗಸ್ ನರ, ಅನೈಚ್ಛಿಕ ಕ್ರಿಯೆಗಳು, ಹೀಗೆ ಪಠ್ಯದ ಅಂಶಗಳು ಇಲ್ಲಿ ತಾವಾಗಿಯೇ ಬರುತ್ತವೆ. ಉಸಿರು ತಾನಾಗಿಯೂ ನಡೆಯುತ್ತದೆ, ನಾವು ಬೇಕೆಂದಾಗ ನಿಧಾನ ಮಾಡಲೂ ಬರುತ್ತದೆ. ಧ್ಯಾನದಲ್ಲಿ ಮನಸ್ಸು ಶಾಂತವಾದಂತೆ ಅನಿಸುವುದಕ್ಕೆ ನಿಧಾನ ಉಸಿರಾಟವೂ ಒಂದು ಕಾರಣ.

3. ನ್ಯಾಯವಾದ ಪರೀಕ್ಷೆ. “ಧ್ಯಾನದಿಂದ ಗಮನ ಹೆಚ್ಚುತ್ತದೆಯೇ ಎಂದು ನಮ್ಮ ಶಾಲೆಯಲ್ಲಿ ಪರೀಕ್ಷಿಸುವುದಾದರೆ ಹೇಗೆ?” ಎಂದು ಗುಂಪುಗಳಿಗೆ ಕೇಳಿದೆ. ಎರಡು ಗುಂಪು ಬೇಕು, ಚೀಟಿ ಎತ್ತಿ ಆರಿಸಬೇಕು, ಚುರುಕಾದವರೆಲ್ಲ ಒಂದೇ ಕಡೆ ಇರಬಾರದು, ಮೊದಲೂ ನಂತರವೂ ಒಂದೇ ಪರೀಕ್ಷೆ ಕೊಡಬೇಕು ಎಂಬ ಮಾತುಗಳು ಮಕ್ಕಳಿಂದಲೇ ಬಂದವು. “ಇನ್ನೊಂದು ಗುಂಪು ಸುಮ್ನೆ ಕೂರಬಾರದು, ಅವರಿಗೂ ಏನಾದ್ರೂ ಕೆಲಸ ಕೊಡಬೇಕು” ಎಂದವನು ಹಿಂದಿನ ಬೆಂಚಿನ ಅದೇ ಹುಡುಗ. ವಿಸ್ಕಾನ್ಸಿನ್‌ನವರು ಮಾಡಿದ್ದು ಅದನ್ನೇ ಎಂದು ಆಗ ಹೇಳಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ನಮ್ಮಲ್ಲಿ ಅನೇಕರು ತರಗತಿಯನ್ನು ಧ್ಯಾನ ಅಥವಾ ಮೌನದಿಂದ ಆರಂಭಿಸುತ್ತೇವೆ. ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಮೂರು ಎಚ್ಚರಗಳು ಅಗತ್ಯ. ಕಣ್ಣು ಮುಚ್ಚುವುದು ಕಡ್ಡಾಯವಾಗಬಾರದು, ಚಟುವಟಿಕೆಯಿಂದ ಹೊರಗುಳಿಯುವ ದಾರಿ ಪ್ರತಿ ಮಗುವಿಗೂ ಇರಬೇಕು. ಮನಸ್ಸು ಅಲೆದ ಮಗುವಿಗೆ ಸೋತೆ ಎನಿಸಬಾರದು. ತುಂಬಾ ಆತಂಕ, ದುಃಖ ಅಥವಾ ನಿದ್ದೆಯಿಲ್ಲದ ಲಕ್ಷಣ ಕಂಡ ಮಗುವಿಗೆ ಧ್ಯಾನ ಹೇಳಿಕೊಟ್ಟು ಕೈತೊಳೆದುಕೊಳ್ಳಬಾರದು. ಮನೆಯವರೊಂದಿಗೆ ಮಾತನಾಡಿ ಆಪ್ತ ಸಮಾಲೋಚಕರ ಅಥವಾ ವೈದ್ಯರ ನೆರವು ಕೊಡಿಸಬೇಕು.

ಪಾಠದ ಕೊನೆಗೆ ಕಪ್ಪುಹಲಗೆಯ ಮೇಲೆ ಉಳಿದ ವಾಕ್ಯ ಹೀಗಿತ್ತು: “ಧ್ಯಾನವು ಗಮನವನ್ನು ಮರಳಿ ತರುವ ಅಭ್ಯಾಸ. ಕೆಲವರಿಗೆ ಅದು ಆತಂಕ ತಗ್ಗಿಸಲು ನೆರವಾಗುತ್ತದೆ. ಮೆದುಳನ್ನು ಬೆಳೆಸುತ್ತದೆ ಎಂಬುದು ಸಾಬೀತಾಗಿಲ್ಲ.” ಮೊದಲಿನ ವಾಕ್ಯದಷ್ಟು ಆಕರ್ಷಕವಾಗಿಲ್ಲ, ಆದರೆ ಮಕ್ಕಳು ಬರೆದುಕೊಂಡು ಮನೆಗೆ ಒಯ್ಯುವುದು ಇದನ್ನೇ. ಮೂರನೇ ಬೆಂಚಿನ ಹುಡುಗಿ ಆ ದಿನ ಮೂರು ನಿಮಿಷವೂ ಕಿಟಕಿಯಾಚೆಯ ಬೇವಿನ ಮರವನ್ನು ನೋಡುತ್ತಾ ಕೂತಿದ್ದಳು. ಅವಳ ನೋಟ್‌ಬುಕ್‌ನಲ್ಲಿ ನಾಲ್ಕು ಗೆರೆಗಳಿದ್ದವು.